ಮಳೆಗಾಲದ ಅನಿಮಲ್ ಹೌಸ್: ಅನುಮೋದನೆ ಸಿಕ್ಕ ಮೇಲೆ ಏನೇನು, ಹೇಗೆ ತಪಾಸಣೆ ಮಾಡಬೇಕು?

ಭದ್ರಾದಂಡೆ ಕೇಳಿದ್ದು:

ಶಿವಮೊಗ್ಗ ಜಿಲ್ಲೆ, ವಿಶ್ವವಿದ್ಯಾಲಯದ ಅನಿಮಲ್ ಹೌಸ್ (ಪ್ರಯೋಗಕ್ಕೆ ಪ್ರಾಣಿ ಸಾಕುವ ಜಾಗ). ಕೋಣೆ 5×4×3 ಮೀಟರ್. ವಿಸ್ಟಾರ್ ಇಲಿಗಳು, ಪಕ್ಕದ ರ‍್ಯಾಕಿನಲ್ಲಿ ಸ್ವಿಸ್ ಮೈಸ್ (ಚಿಕ್ಕ ಇಲಿಗಳು). ಹಾಸಿಗೆಗೆ ಭತ್ತದ ಉಮಿ. ಆರಿದ್ರಾ ಮಳೆ ಹಿಡಿದ ಮೇಲೆ ತೇವಾಂಶ ಶೇ. 85ರಿಂದ ಕೆಳಗೆ ಇಳಿಯುತ್ತಿಲ್ಲ. ಸ್ಪ್ಲಿಟ್ ಎಸಿ 24ಕ್ಕೆ ಇಟ್ಟಿದೆ, ಎಕ್ಸಾಸ್ಟ್ ಫ್ಯಾನ್ ಓಡುತ್ತಿದೆ. ಆದರೂ ಬೆಳಿಗ್ಗೆ ಬಾಗಿಲು ತೆಗೆದರೆ ಅಮೋನಿಯಾ ಮೂಗಿಗೆ ಹೊಡೆಯುತ್ತದೆ. ಮನೆಗೆ ಬಳಸುವ ಡಿಹ್ಯುಮಿಡಿಫೈಯರ್ ತಂದಿಟ್ಟರೆ ಸಾಕಾ?

ಇನ್ನೊಂದು ವಿಷಯ. ಎಥಿಕ್ಸ್ ಸಮಿತಿ ಪ್ರಾಜೆಕ್ಟ್ ಒಪ್ಪಿದ ಮೇಲೆ ಮುಂದಿನ ಮೀಟಿಂಗ್‌ವರೆಗೆ ಯಾರೂ ಕೋಣೆಯ ಕಡೆ ತಲೆ ಹಾಕುವುದಿಲ್ಲ. ಸಿಸಿಎಸ್‌ಇಎ (ಪ್ರಾಣಿ ಪ್ರಯೋಗದ ಮೇಲೆ ನಿಗಾ ಇಡುವ ಕೇಂದ್ರದ ಸಮಿತಿ) ನಾಮಿನಿ ಬರುವ ದಿನಕ್ಕೆ ಫೈಲ್ ಒಪ್ಪ ಮಾಡುವುದು ಬೇಡ, ನಿಜವಾದ ತಪಾಸಣೆ ಶುರು ಮಾಡಬೇಕು. ಎಲ್ಲಿಂದ ಹಿಡಿಯಲಿ?

ಉಂಬಳ:

ಡಿಹ್ಯುಮಿಡಿಫೈಯರ್ ಲೆಕ್ಕ ಮೊದಲು ಮುಗಿಸೋಣ. ಕೋಣೆ 60 ಘನ ಮೀಟರ್. ಸಿಸಿಎಸ್‌ಇಎ ಮಾರ್ಗಸೂಚಿ ಹೇಳುವುದು ಗಂಟೆಗೆ 12ರಿಂದ 15 ಸಲ ಗಾಳಿ ಬದಲಾಗಬೇಕು ಅಂತ. 15 ಹಿಡಿದರೆ ಗಂಟೆಗೆ 900 ಘನ ಮೀಟರ್ ಹೊರಗಿನ ಗಾಳಿ. ಹೊರಗೆ 22 ಡಿಗ್ರಿ, ತೇವಾಂಶ ಶೇ. 95 ಇದ್ದರೆ ಪ್ರತಿ ಘನ ಮೀಟರಿನಲ್ಲಿ ಸುಮಾರು 18.5 ಗ್ರಾಂ ನೀರು. ಒಳಗೆ 24 ಡಿಗ್ರಿ, ಶೇ. 65 ಬೇಕು ಅಂದರೆ 14 ಗ್ರಾಂ ಚಿಲ್ಲರೆ ಇರಬೇಕು. ಉಳಿದದ್ದನ್ನು ತೆಗೆಯಲು ಗಂಟೆಗೆ ಹತ್ತಿರ ಹತ್ತಿರ 4 ಲೀಟರ್, ದಿನಕ್ಕೆ 90 ಲೀಟರ್! ದಿನಕ್ಕೆ 20–30 ಲೀಟರ್ ಎಳೆಯುವ ಮನೆಯ ಯಂತ್ರ ಏನು ಮಾಡೀತು ಮಾರಾಯ್ರೆ?

ಎಸಿ ಯಾಕೆ ಕೈಕೊಡುತ್ತಿದೆ ಅಂದರೆ, ಕೋಣೆಯೇ 23 ಡಿಗ್ರಿಗೆ ಬಂದಿರುತ್ತದೆ, ನೀವು ಇಟ್ಟಿದ್ದು 24. ಕಂಪ್ರೆಸರ್ ಓಡುವುದೇ ಇಲ್ಲ, ಬರೀ ಬ್ಲೋವರ್ ತಿರುಗುತ್ತದೆ. ಕಾಯಿಲ್ ತಣ್ಣಗಾಗದೆ ನೀರು ಇಳಿಯುವುದಿಲ್ಲ. ಸದ್ಯಕ್ಕೆ ಡ್ರೈ ಮೋಡ್‌ಗೆ ಹಾಕಿ. ಎಸಿ ನಂಬಿಕೊಂಡು ಎಕ್ಸಾಸ್ಟ್ ಮಾತ್ರ ಆಫ್ ಮಾಡಬೇಡಿ. ಸ್ಪ್ಲಿಟ್ ಎಸಿ ಹೊಸ ಗಾಳಿ ತರುವುದಿಲ್ಲ, ಅಮೋನಿಯಾ ಅಲ್ಲೇ ಸುತ್ತುತ್ತದೆ.

ಕೊನೆಗೆ ಬೇಕಾಗುವುದು ಒಳಬರುವ ಗಾಳಿಯನ್ನೇ ತಣ್ಣಗೆ ಮಾಡಿ ನೀರಿಳಿಸಿ, ಮತ್ತೆ ಬಿಸಿ ಮಾಡಿ ಬಿಡುವ ಡಕ್ಟ್ ಯೂನಿಟ್. ಮುಂದಿನ ಬಜೆಟ್‌ಗೆ ಈ ಲೆಕ್ಕದ ಸಮೇತ ಬರೆದು ಕೊಡಿ.

ಅಂದ ಹಾಗೆ, ಇಲಿ ಮತ್ತು ಮೈಸ್ ಒಂದೇ ಕೋಣೆಯಲ್ಲಿ ಬೇಡ. ದೊಡ್ಡ ಇಲಿಯ ವಾಸನೆ ಸಾಕು, ಮೈಸ್ ಒತ್ತಡಕ್ಕೆ ಬೀಳಲು.

ತುಂಗೆಯಾಚೆ:

ಪಶುವೈದ್ಯರ ಕಡೆಯಿಂದ ಕೆಲವು ಮಾತು. ಅಮೋನಿಯಾವನ್ನು ಮೂಗಿನಿಂದ ಅಳೆಯಬೇಡಿ. ಹತ್ತು ನಿಮಿಷ ಒಳಗಿದ್ದರೆ ಮೂಗು ಒಗ್ಗಿಹೋಗುತ್ತದೆ. ಡಿಟೆಕ್ಟರ್ ಟ್ಯೂಬ್ (ಅನಿಲದ ಪ್ರಮಾಣ ತೋರಿಸುವ ಗಾಜಿನ ನಳಿಕೆ) ತರಿಸಿ, ಪಂಜರದೊಳಗೆ, ಇಲಿಯ ಮೂಗಿನ ಎತ್ತರದಲ್ಲಿ, ಉಮಿ ಬದಲಿಸುವ *ಮುಂಚೆ* ಅಳೆಯಿರಿ. 25 ಪಿಪಿಎಂ ದಾಟಿದರೆ ಬದಲಿಸುವ ಅಂತರ ಕಡಿಮೆ ಮಾಡಿ. ವಾರಕ್ಕೆ ಎರಡು ಸಲ ಸಾಕಾಗುತ್ತಿದ್ದದ್ದು ಈ ಹವೆಯಲ್ಲಿ ಮೂರಾಗಬಹುದು. ಉಮಿಯನ್ನು ಆಟೊಕ್ಲೇವ್ ಮಾಡಿದ ಮೇಲೆ ಪೂರ್ತಿ ಒಣಗಿಸಿಯೇ ಹಾಕಿ. ಒದ್ದೆ ಉಮಿಯಲ್ಲಿ ಯೂರಿಯಾ ಒಡೆಯುವ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ.

ಆಹಾರ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಲೆಟ್ ಒಂದು ತಿಂಗಳಿಗೆ ಆಗುವಷ್ಟೇ ತರಿಸಿ. ಚೀಲ ಗೋಡೆಗೂ ನೆಲಕ್ಕೂ ತಾಗದಂತೆ ಪ್ಲಾಸ್ಟಿಕ್ ಪ್ಯಾಲೆಟ್ ಮೇಲಿರಲಿ. ಡಬ್ಬದ ತಳದ ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಬೂಷ್ಟಿನ ಪೆಲೆಟ್‌ನಲ್ಲಿ ಅಫ್ಲಾಟಾಕ್ಸಿನ್ (ಬೂಷ್ಟಿನ ವಿಷ) ಇದ್ದರೆ, ಹೋಲಿಕೆಗೆ ಔಷಧಿ ಕೊಡದೆ ಇಟ್ಟ ಕಂಟ್ರೋಲ್ ಗುಂಪಿನ ಯಕೃತ್ತೇ ಕೆಡುತ್ತದೆ. ಎಸ್‌ಜಿಪಿಟಿ (ಯಕೃತ್ತಿನ ಹಾನಿ ತೋರಿಸುವ ರಕ್ತ ಪರೀಕ್ಷೆ) ಏರಿದ್ದು ಔಷಧಿಯಿಂದಲೋ ಆಹಾರದಿಂದಲೋ ಹೇಳಲಾಗದೆ ಪ್ರಯೋಗ ವ್ಯರ್ಥ, ಪ್ರಾಣಿಗಳ ಜೀವವೂ ವ್ಯರ್ಥ.

ಸ್ಟ್ರೆಪ್ಟೊಜೊಟೊಸಿನ್ ಕೊಟ್ಟು ಮಧುಮೇಹ ಬರಿಸುವ ಪ್ರಾಜೆಕ್ಟ್ ಇದೆಯಾ? ಇದ್ದರೆ ಅದನ್ನೇ ಮೊದಲು ನೋಡಿ. ಇಂಜೆಕ್ಷನ್ ಆದ ಮೊದಲ ದಿನ ರಕ್ತದ ಸಕ್ಕರೆ ಅಂಶ ಕುಸಿಯುತ್ತದೆ, ಆ 24 ಗಂಟೆ ಗ್ಲೂಕೋಸ್ ನೀರು ಇಡದಿದ್ದರೆ ರಾತ್ರಿಯಲ್ಲೇ ಸಾಯಬಹುದು. ಆಮೇಲಿನ ಕಷ್ಟ ಬೇರೆ. ಆರೋಗ್ಯವಂತ ಇಲಿ ದಿನಕ್ಕೆ 25–30 ಮಿಲಿ ನೀರು ಕುಡಿದರೆ ಮಧುಮೇಹಿ ಇಲಿ 100 ಮಿಲಿ ದಾಟುತ್ತದೆ. ನಾಲ್ಕು ಇಲಿಯ ಪಂಜರಕ್ಕೆ 250 ಮಿಲಿ ಬಾಟಲಿ ಒಂದೇ ಇಟ್ಟರೆ ಬೆಳಗಾಗುವುದರೊಳಗೆ ಖಾಲಿ. ಎರಡು ದೊಡ್ಡ ಬಾಟಲಿ ಇಡಿ, ಉಮಿ ದಿನಾ ಬದಲಿಸಿ. ಕೊಳವೆಯ ತುದಿ ಉಮಿಗೆ ತಾಗಿದರೆ ಬಾಟಲಿ ತಾನೇ ಸೋರಿ ಪಂಜರ ಕೊಚ್ಚೆಯಾಗುತ್ತದೆ, ಅದನ್ನೂ ನೋಡಿ.

ತೂಕ ಶೇ. 20 ಇಳಿದರೆ ಪ್ರಯೋಗದಿಂದ ತೆಗೆಯಬೇಕು ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ. ಬೆಳೆಯುವ ವಯಸ್ಸಿನ ಇಲಿಗೆ ಇದು ಸಾಲದು, ಅದರ ತೂಕ ಇಳಿಯದೇ ನಿಂತಲ್ಲೇ ನಿಂತಿರಬಹುದು. ಅದೇ ವಯಸ್ಸಿನ ಕಂಟ್ರೋಲ್ ಜೊತೆ ಹೋಲಿಸಿ. ಗೂನು ಬೆನ್ನು, ಕೆದರಿದ ರೋಮ, ಅರೆಮುಚ್ಚಿದ ಕಣ್ಣು, ಮುಟ್ಟಿದರೂ ಸರಿಯದಿರುವುದು: ಇವಕ್ಕೆ ಒಂದೊಂದು ಅಂಕ ಇಟ್ಟು ಎಷ್ಟಕ್ಕೆ ವೈದ್ಯರಿಗೆ ಫೋನ್, ಎಷ್ಟಕ್ಕೆ ದಯಾಮರಣ ಅನ್ನುವುದನ್ನು ಪ್ರಯೋಗಕ್ಕೆ ಮುಂಚೆಯೇ ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ.

‘ಫಾರಂ ಬಿ’ ಹೆಸರಿನವರು:

ತಪಾಸಣೆಯ ಕ್ರಮ ಸರಳ. ಅನುಮೋದನೆಯಾದ ಫಾರಂ ಬಿ (ಪ್ರಯೋಗಕ್ಕೆ ಅನುಮತಿ ಕೇಳಿದ ಅರ್ಜಿ) ಕೈಯಲ್ಲಿ ಹಿಡಿದು ಪಂಜರದ ಮುಂದೆ ನಿಲ್ಲಿ. ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿ ಕೂತು ಮಾಡುವುದು ತಪಾಸಣೆಯಲ್ಲ. ತಳಿ, ಸಂಖ್ಯೆ, ಡೋಸ್, ಕೊಡುವ ದಾರಿ, ಅರಿವಳಿಕೆ, ರಕ್ತದ ಪ್ರಮಾಣ, ಕೆಲಸ ಮಾಡುವವರ ಹೆಸರು, ಒಂದೊಂದನ್ನೇ ತಾಳೆ ನೋಡಿ. ಸಾಮಾನ್ಯವಾಗಿ ತಪ್ಪು ಸಿಗುವ ಜಾಗಗಳು:

ರಕ್ತ. 25 ಗ್ರಾಂ ಮೈಸ್‌ನ ಮೈಯಲ್ಲಿ ಇರುವುದೇ 1.8 ಮಿಲಿ ಆಸುಪಾಸು. ಒಂದು ಸಲಕ್ಕೆ ಅದರ ಶೇ. 10, ಅಂದರೆ 0.2 ಮಿಲಿಗೂ ಕಡಿಮೆ. ಕಿಟ್‌ಗೆ ಬೇಕು ಅಂತ ಅರ್ಧ ಮಿಲಿ ಎಳೆದಿರುತ್ತಾರೆ.

ಜಾಗ. 41×28 ಸೆಂ.ಮೀ. ಪಂಜರಕ್ಕೆ 180 ಗ್ರಾಂನ ಆರು ಇಲಿ ಹಾಕಿದಾಗ ಲೆಕ್ಕ ಸರಿ. ತೂಕ 300 ದಾಟಿದ ಮೇಲೆ ತಲೆಗೆ 258 ಚದರ ಸೆಂ.ಮೀ. ಬೇಕು, ಆಗ ನಾಲ್ಕೇ ಹಿಡಿಸುತ್ತವೆ. ಯಾರೂ ಬೇರೆ ಮಾಡಿರುವುದಿಲ್ಲ.

ಅರಿವಳಿಕೆ. ಕೀಟಮಿನ್ ಮುಗಿದಿದೆ ಅಂತ ಈಥರ್ ಬಳಸಿದ್ದು ಕಂಡರೆ ಅಲ್ಲೇ ನಿಲ್ಲಿಸಿ. ಶ್ವಾಸನಾಳಕ್ಕೆ ಉರಿ, ಬೆಂಕಿಗೂ ಆಹ್ವಾನ.

ದಯಾಮರಣ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಫ್ಲೋ ಮೀಟರ್ ಇದೆಯಾ ನೋಡಿ. ಪೆಟ್ಟಿಗೆಯ ಗಾತ್ರದ ಶೇ. 30–70 ನಿಮಿಷಕ್ಕೆ, 20 ಲೀಟರ್ ಪೆಟ್ಟಿಗೆಗೆ 6ರಿಂದ 14 ಲೀಟರ್. ಮೊದಲೇ ಅನಿಲ ತುಂಬಿ ಪ್ರಾಣಿ ಇಳಿಸುವಂತಿಲ್ಲ.

ಕೊನೆಗೆ ತಲೆ ಎಣಿಕೆ. ಕೊಂಡದ್ದು ಮತ್ತು ಹುಟ್ಟಿದ್ದು ಒಂದು ಕಡೆ. ಬಳಸಿದ್ದು, ಸತ್ತದ್ದು, ಬೇರೆಡೆ ಕೊಟ್ಟದ್ದು, ಉಳಿದದ್ದು ಇನ್ನೊಂದು ಕಡೆ. ಫಾರಂ ಡಿ (ಪ್ರಾಣಿಗಳ ಲೆಕ್ಕದ ದಾಖಲೆ), ಸಾಗಣೆ ಬಿಲ್, ಸತ್ತ ಪ್ರಾಣಿ ಹಾಕುವ ಹಳದಿ ಚೀಲದ ರಿಜಿಸ್ಟರ್ ಮೂರೂ ಹೊಂದಬೇಕು. ಹಳದಿ ಚೀಲವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ, ಘಾಟಿ ರಸ್ತೆ ಕುಸಿದು ಗಾಡಿ ಬರದಿದ್ದರೆ ಡೀಪ್ ಫ್ರೀಜರಿನಲ್ಲಿಟ್ಟು ಕಾರಣ ಬರೆದು ತಿಳಿಸಿ.

ಹೊಸನಗರ ಮಳೆ:

ಡಕ್ಟ್ ಯೂನಿಟ್ ಬರುವವರೆಗೆ ಹೀಟರ್ ಇಟ್ಟರೆ ಆಗದಾ? 22 ಡಿಗ್ರಿಯ ಗಾಳಿಯನ್ನು 27ಕ್ಕೆ ಏರಿಸಿದರೆ ಶೇ. 95 ಇದ್ದದ್ದು 70ರ ಹತ್ತಿರ ಬರುತ್ತದೆ. ತಾಪಮಾನದ ಮಿತಿ 29ರವರೆಗೆ ಇದೆಯಲ್ಲ.

ಉಂಬಳ:

ಲೆಕ್ಕ ಸರಿ, ಉಮಿಯೂ ಸ್ವಲ್ಪ ಒಣಗುತ್ತದೆ. ಆದರೆ ಪಂಜರದೊಳಗೆ ಕೋಣೆಗಿಂತ ಎರಡು ಮೂರು ಡಿಗ್ರಿ ಜಾಸ್ತಿ ಇರುತ್ತದೆ. ಥರ್ಮೋಸ್ಟಾಟ್ ಅಂಟಿಕೊಂಡರೆ ಬೆಳಗ್ಗೆ ಹೊತ್ತಿಗೆ ಇಡೀ ರ‍್ಯಾಕ್ ಖಾಲಿ. ಇಡುವುದಾದರೆ ಎಣ್ಣೆ ತುಂಬಿದ ಹೀಟರ್, ಅದಕ್ಕೆ ಬೇರೆಯದೇ ಒಂದು ಕಟ್-ಆಫ್ 28 ಡಿಗ್ರಿಗೆ.

ಭದ್ರಾದಂಡೆ:

ಮಧುಮೇಹದ ಪ್ರಾಜೆಕ್ಟ್ ಎರಡಿವೆ. ಭಾನುವಾರ ಯಾರು ನೋಡಬೇಕು ಅನ್ನುವುದಕ್ಕೆ ಪ್ರೊಟೊಕಾಲ್‌ನಲ್ಲಿ ಹೆಸರಿಲ್ಲ.

ತುಂಗೆಯಾಚೆ:

ಹಾಗಾದರೆ ಅದೇ ಮೊದಲ ಲೋಪ ಅಂತ ಬರೆಯಿರಿ. ಭಾನುವಾರಕ್ಕೆ ಒಬ್ಬರ ಹೆಸರು, ಅವರು ಬರದಿದ್ದರೆ ಇನ್ನೊಬ್ಬರ ಹೆಸರು, ಇಬ್ಬರ ಫೋನ್ ನಂಬರೂ ಬಾಗಿಲ ಮೇಲೆ. ಸಂಶೋಧಕರ ಒಪ್ಪಿಗೆಗೆ ಕಾಯದೆ ಪ್ರಾಣಿಯನ್ನು ಪ್ರಯೋಗದಿಂದ ತೆಗೆಯುವ ಅಧಿಕಾರ ಪಶುವೈದ್ಯರಿಗಿದೆ ಅನ್ನುವ ಒಂದು ಸಾಲನ್ನು ಮುಂದಿನ ಮೀಟಿಂಗ್ ನಡಾವಳಿಯಲ್ಲಿ ಸೇರಿಸಿಬಿಡಿ. ಅದು ಆಗುವವರೆಗೆ ಶನಿವಾರ ಸಂಜೆ ಮಧುಮೇಹದ ಗುಂಪಿಗೆ ಬಾಟಲಿ ಎರಡೆರಡು.