ಡ್ರಿಪ್‌ಗೆ ಕ್ಲೈಮ್ ಆಗುತ್ತದೆ, ಮಾತ್ರೆಗೆ ಇಲ್ಲವಂತೆ. ಅಪ್ಪನಿಗೆ ಯಾವುದು ಕೊಡಿಸಲಿ?

ತುಂಗಾತೀರ:
ನಮ್ಮದು ಶಿವಮೊಗ್ಗ, ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪನಿಗೆ 66 ವರ್ಷ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಕೆಮ್ಮು ಬಿಡುತ್ತಿಲ್ಲ ಅಂತ ತೋರಿಸಿದರೆ ಶ್ವಾಸಕೋಶದ ಕ್ಯಾನ್ಸರ್, ಬೆನ್ನುಮೂಳೆಗೂ ಹರಡಿದೆ ಎಂದರು. ಬಯಾಪ್ಸಿಗೆ ಅಡ್ಮಿಟ್ ಮಾಡಿದ್ದು ಕ್ಯಾಶ್‌ಲೆಸ್ ಆಯಿತು. ರಿಪೋರ್ಟಿನಲ್ಲಿ ಇಜಿಎಫ್‌ಆರ್, ಎಕ್ಸಾನ್ 19 ಎಂದು ಬಂದಿದೆ, ಅಂದರೆ ಗೆಡ್ಡೆಯ ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆ ಇದೆಯಂತೆ. ಡಾಕ್ಟರು ಒಸಿಮರ್ಟಿನಿಬ್ 80 ಮಿ.ಗ್ರಾಂ. ಬರೆದಿದ್ದಾರೆ, ದಿನಕ್ಕೊಂದು ಮಾತ್ರೆ. ತಿಂಗಳಿಗೆ ಲಕ್ಷ ದಾಟುತ್ತದೆ.

ನನ್ನ ಆಫೀಸಿನ ಗ್ರೂಪ್ ಪಾಲಿಸಿ 5 ಲಕ್ಷದ್ದು. ಟಿಪಿಎಗೆ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೈಮ್ ನೋಡುವ ಸಂಸ್ಥೆ) ಫೋನ್ ಮಾಡಿದರೆ, "ಮಾತ್ರೆ ಓಪಿಡಿ ಲೆಕ್ಕ, ಬರುವುದಿಲ್ಲ. ಡ್ರಿಪ್ ಕೀಮೋ ಆದರೆ ಡೇ ಕೇರ್, ಕೊಡುತ್ತೇವೆ" ಎಂದರು. ಚಿಕ್ಕಪ್ಪ ಈಗ "ಹಾಗಾದರೆ ಡ್ರಿಪ್ಪೇ ಹಾಕಿಸು" ಅನ್ನುತ್ತಿದ್ದಾರೆ. ಅಮ್ಮ ಸೈಟು ಮಾರೋಣ ಅನ್ನುತ್ತಿದ್ದಾರೆ. ಯಾರಿಗಾದರೂ ಇದರ ಅನುಭವ ಇದ್ದರೆ ದಯವಿಟ್ಟು ಹೇಳಿ.

ದಾವಣಗೆರೆಯವ:
ಸರ್, ತಿಂಗಳಿಗೊಮ್ಮೆ ಒಂದು ರಾತ್ರಿ ಅಡ್ಮಿಟ್ ಮಾಡಿಸಿ, ಮಾತ್ರೆಯನ್ನು ಆಸ್ಪತ್ರೆ ಬಿಲ್ಲಿಗೆ ಸೇರಿಸಿಬಿಡಿ. ನಮ್ಮ ಪರಿಚಯದವರೊಬ್ಬರು ಹಾಗೇ ಮಾಡಿದರು.

ಹುಬ್ಬಳ್ಳಿ ಅಕ್ಕ:
ಹಾಗೆ ಮಾಡಬೇಡಿ ತಮ್ಮಾ. ನಾನು ಆಸ್ಪತ್ರೆಯೊಂದರ ಇನ್ಶೂರೆನ್ಸ್ ಡೆಸ್ಕಿನಲ್ಲಿ ವರ್ಷಗಟ್ಟಲೆ ಕೂತವಳು. ಮಾತ್ರೆ ನುಂಗಲು ರಾತ್ರಿ ಹಾಸಿಗೆ ಯಾಕೆ ಬೇಕಿತ್ತು ಎಂದು ಟಿಪಿಎ ಡಾಕ್ಟರು ಕೇಳಿಯೇ ಕೇಳುತ್ತಾರೆ. "ಅಡ್ಮಿಷನ್ ಅಗತ್ಯವಿರಲಿಲ್ಲ" ಎಂದು ಬರೆದು ಪೂರ್ತಿ ಬಿಲ್ ತಳ್ಳಿಹಾಕುತ್ತಾರೆ. ಅಲ್ಲದೆ ಈ ಕಾಯಿಲೆಯಲ್ಲಿ ಸುಮ್ನೆ ವಾರ್ಡಿನಲ್ಲಿ ಮಲಗಿಸಿ ಸೋಂಕು ತಗುಲಿಸಿಕೊಳ್ಳುವುದು ಬೇಡ.

ನಮ್ಮಲ್ಲಿ ಹೆಲ್ತ್ ಇನ್ಶೂರೆನ್ಸ್ ಹುಟ್ಟಿದ್ದೇ 24 ಗಂಟೆ ಅಡ್ಮಿಟ್ ಆಗಬೇಕು ಎಂಬ ಲೆಕ್ಕದ ಮೇಲೆ. ಡ್ರಿಪ್ ಕೀಮೋ ಕೆಲವೇ ಗಂಟೆಯಲ್ಲಿ ಮುಗಿಯುತ್ತದೆ ಅಂತ ಅದನ್ನು ಡೇ ಕೇರ್ ಪಟ್ಟಿಗೆ ಸೇರಿಸಿದರು. ಆಮೇಲೆ ಔಷಧಿಯೇ ಮನೆಗೆ ಬಂತು, ನಿಯಮ ಆಸ್ಪತ್ರೆಯಲ್ಲೇ ಉಳಿಯಿತು. ನನಗೆ ತುಂಬಾ ಸಂಕಟ ಆಗುತ್ತಿದ್ದದ್ದು ಇಲ್ಲೇ. ಡಾಕ್ಟರು ಒಂದು ಬರೆದಿರುತ್ತಾರೆ, ಮನೆಯವರು ಕೌಂಟರಿಗೆ ಬಂದು "ಯಾವುದಕ್ಕೆ ದುಡ್ಡು ಬರುತ್ತದೆ ಅದನ್ನೇ ಬರೆಸಿಕೊಡಿ ಮೇಡಂ" ಎಂದು ಕೈಮುಗಿಯುತ್ತಾರೆ. ಅವರನ್ನು ಬೈಯಲು ಆಗುತ್ತದಾ?

ನಿಮ್ಮ ಕೈಯಲ್ಲಿ ಒಂದು ಆಧಾರ ಇದೆ. ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2019ರಲ್ಲಿ 12 ಹೊಸ ಚಿಕಿತ್ಸೆಗಳ ಪಟ್ಟಿ ಮಾಡಿ, ಇವನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ ಎಂದಿತು. ಅದರಲ್ಲಿ ಓರಲ್ ಕೀಮೋಥೆರಪಿ, ಅಂದರೆ ಬಾಯಿಂದ ತೆಗೆದುಕೊಳ್ಳುವ ಕೀಮೋ, ಹೆಸರು ಹಿಡಿದೇ ಇದೆ. 2020ರ ಅಕ್ಟೋಬರ್‌ನಿಂದ ಹಳೆ ಪಾಲಿಸಿಗಳಿಗೂ ಅನ್ವಯ. ಆದರೆ ಮಿತಿ ಹಾಕಲು ಕಂಪನಿಗಳಿಗೆ ಬಿಟ್ಟಿದ್ದಾರೆ. ಎಲ್ಲ ಕಂಪನಿಗಳಲ್ಲೂ ಒಂದೇ ಮಾದರಿಯಲ್ಲಿರುವ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಈ ಚಿಕಿತ್ಸೆಗಳಿಗೆ ವಿಮೆ ಮೊತ್ತದ ಶೇ. 50 ಮಾತ್ರ, ಅಂದರೆ 5 ಲಕ್ಷಕ್ಕೆ ಎರಡೂವರೆ ಲಕ್ಷ. ನಿಮ್ಮದರಲ್ಲಿ ಎಷ್ಟಿದೆ ಎಂದು ಎಚ್‌ಆರ್ ಹತ್ತಿರ ಪೂರ್ತಿ ಪಾಲಿಸಿ ವರ್ಡಿಂಗ್ ತರಿಸಿಕೊಂಡು ನೋಡಿ. ಕಾರ್ಡಿನ ಹಿಂದಿನ ನಾಲ್ಕು ಸಾಲು ನಂಬಬೇಡಿ.

ಅವರು ಎರಡು ಕಡೆ ಹಿಡಿಯುತ್ತಾರೆ. ಇದು ಕೀಮೋ ಅಲ್ಲ, ಟಾರ್ಗೆಟೆಡ್ ಔಷಧಿ (ಜೀನಿನ ಆ ಬದಲಾವಣೆಗೇ ಗುರಿಯಿಡುವ ಔಷಧಿ) ಅನ್ನುತ್ತಾರೆ. ಇಲ್ಲವೇ "ಒಳರೋಗಿಯಾಗಿ ಅಥವಾ ಡೇ ಕೇರ್‌ನಲ್ಲಿ" ಎಂಬ ಸಾಲು ತೋರಿಸುತ್ತಾರೆ. ಮೊದಲನೆಯದಕ್ಕೆ ನಿಮ್ಮ ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರು) ಹತ್ತಿರ ಪತ್ರ ಬರೆಸಿ: ಈ ರೋಗಿಗೆ ಡ್ರಿಪ್ ಕೀಮೋ ಬದಲು ಕೊಡುತ್ತಿರುವ ಮುಖ್ಯ ಕ್ಯಾನ್ಸರ್ ಚಿಕಿತ್ಸೆ ಇದು, ಇಜಿಎಫ್‌ಆರ್ ರಿಪೋರ್ಟಿನ ಆಧಾರದ ಮೇಲೆ, ಎಂದು. ಎರಡನೆಯದಕ್ಕೆ ನೇರವಾಗಿ ಕೇಳಿ: ಮಾತ್ರೆಯನ್ನು ಜನ ಮನೆಯಲ್ಲೇ ನುಂಗುತ್ತಾರೆ, ಹಾಗಾದರೆ ಪಟ್ಟಿಯಲ್ಲಿ ಅದನ್ನು ಸೇರಿಸಿದ್ದು ಯಾಕೆ? ಎಲ್ಲರಿಗೂ ಮಂಜೂರಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಫೋನಿನಲ್ಲಿ ಹೇಳಿದ "ಇಲ್ಲ"ವನ್ನು ಒಪ್ಪಬೇಡಿ. ಯಾವ ಕಲಮಿನ ಪ್ರಕಾರ ಇಲ್ಲ ಎಂದು ಬರವಣಿಗೆಯಲ್ಲಿ ಕೇಳಿ. ಆಮೇಲೆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಇಂಥ ದೂರುಗಳನ್ನು ಕೇಳಿ ತೀರ್ಮಾನಿಸುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಿನ ಕಚೇರಿ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಫೀಸು ಇಲ್ಲ, ವಕೀಲರೂ ಬೇಡ.

ಮೈಸೂರು ಫಾರ್ಮಸಿ:
ಅಕ್ಕ ಹೇಳಿದ್ದು ಸರಿ. ಔಷಧಿ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಈ ಬಗೆಯ ಕ್ಯಾನ್ಸರ್‌ಗೆ ಡ್ರಿಪ್‌ಗಿಂತ ಮಾತ್ರೆ ಕಾಯಿಲೆಯನ್ನು ಹೆಚ್ಚು ಕಾಲ ತಡೆಯುತ್ತದೆ ಎಂದು ಏಷ್ಯಾದ ರೋಗಿಗಳ ಮೇಲೆ ನಡೆದ ಐಪಾಸ್ ಅಧ್ಯಯನ 2009ರಲ್ಲೇ ತೋರಿಸಿತ್ತು. ಅಲ್ಲಿ ಕೊಟ್ಟಿದ್ದು ಜೆಫಿಟಿನಿಬ್ ಎಂಬ ಇದೇ ಬಗೆಯ ಹಳೆ ಮಾತ್ರೆ. ಅದರ ಜೆನೆರಿಕ್ ಈಗ ತುಂಬಾ ಅಗ್ಗ. ಒಸಿಮರ್ಟಿನಿಬ್ ಇನ್ನೂ ಒಳ್ಳೆಯದು, ಫ್ಲೌರಾ ಅಧ್ಯಯನದಲ್ಲಿ ಬದುಕಿನ ಮಧ್ಯಮ ಅವಧಿ (ಅರ್ಧದಷ್ಟು ರೋಗಿಗಳು ಇದಕ್ಕಿಂತ ಹೆಚ್ಚು ಬದುಕಿದರು) 38.6 ತಿಂಗಳು, ಹಳೆ ಮಾತ್ರೆಗಳಲ್ಲಿ 31.8. ಹಾಗಾಗಿ ದುಡ್ಡು ಸಾಲದೇ ಹೋದರೂ ಡ್ರಿಪ್ಪೊಂದೇ ದಾರಿ ಅಲ್ಲ. ಜೆಫಿಟಿನಿಬ್ ಆಗುತ್ತದಾ ಎಂದು ಡಾಕ್ಟರನ್ನೇ ಕೇಳಿ. ಕಂಪನಿಯ ರೋಗಿ ಸಹಾಯ ಯೋಜನೆ ಇದೆಯಾ ಅಂತಲೂ ವಿಚಾರಿಸಿ. 2024ರ ಜುಲೈ ಬಜೆಟ್ಟಿನಲ್ಲಿ ಒಸಿಮರ್ಟಿನಿಬ್ ಮೇಲಿನ ಕಸ್ಟಮ್ಸ್ ಸುಂಕ ತೆಗೆದಿದ್ದಾರೆ, ಹಳೆ ಬೆಲೆ ನಂಬಿ ಲೆಕ್ಕ ಹಾಕಬೇಡಿ.

ತುಂಗಾತೀರ:
ಇಬ್ಬರಿಗೂ ತುಂಬಾ ಧನ್ಯವಾದ. ಚಿಕ್ಕಪ್ಪನಿಗೆ ಇದನ್ನೇ ಓದಿ ಹೇಳಿದೆ. ಅಕ್ಕಾ, ಉತ್ತರ ಬರುವ ತನಕ ಮಾತ್ರೆ ಶುರು ಮಾಡಲೇಬೇಕಲ್ವಾ? ಆ ಬಿಲ್ಲು ಕೈಬಿಟ್ಟ ಹಾಗೇನಾ?

ಹುಬ್ಬಳ್ಳಿ ಅಕ್ಕ:
ಇಲ್ಲ. ಬಯಾಪ್ಸಿ ಅಡ್ಮಿಷನ್ ಪಾಸಾಗಿದೆಯಲ್ಲ, ಅದು ನಿಮಗೆ ದೊಡ್ಡ ಆಸರೆ. ಬಹಳ ಪಾಲಿಸಿಗಳಲ್ಲಿ ಡಿಸ್ಚಾರ್ಜ್ ಆದ ಮೇಲೆ 60 ದಿನದವರೆಗೆ ಅದೇ ಕಾಯಿಲೆಯ ಔಷಧಿ ಖರ್ಚು ಕೊಡುತ್ತಾರೆ. ನಿಮ್ಮದರಲ್ಲಿ ಎಷ್ಟು ದಿನ ಎಂದು ನೋಡಿ, ಡಿಸ್ಚಾರ್ಜ್ ತಾರೀಖಿನಿಂದ ಎಣಿಸಿ. ಆ ಅವಧಿಯ ಮಾತ್ರೆಯನ್ನು ರೀಇಂಬರ್ಸ್‌ಮೆಂಟಿಗೆ ಹಾಕಿ. ಬಿಲ್ಲು ಅಪ್ಪನ ಹೆಸರಲ್ಲೇ ಇರಲಿ, ಬ್ಯಾಚ್ ನಂಬರ್ ಕಾಣಲಿ, ಡಾಕ್ಟರ ಚೀಟಿ ಮತ್ತು ಡಿಸ್ಚಾರ್ಜ್ ಸಮರಿ ಜೊತೆಗಿಡಿ. ಕ್ಲೈಮ್ ಹಾಕಲು ಕೊನೆಯ ದಿನಾಂಕ ಇರುತ್ತದೆ, ಅದನ್ನು ಇವತ್ತೇ ಕೇಳಿಕೊಳ್ಳಿ.