ಯಕ್ಷಗಾನದ ವೀಡಿಯೋ: ಆರಂಭದಲ್ಲಿ ಕೂಡಿಬರುವ ಧ್ವನಿ ಕೊನೆಗೆ ಹಿಂದೆ ಬೀಳುತ್ತಿದೆ

ಪ್ರಶ್ನೆ

ಮಾನ್ಯರೇ, ನಮ್ಮೂರಿನ ಯಕ್ಷಗಾನ ಪ್ರದರ್ಶನವೊಂದನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲಿನಲ್ಲಿ ಚಿತ್ರೀಕರಿಸಿ, ಧ್ವನಿಯನ್ನು ಮಾತ್ರ ಮಿಕ್ಸರಿನಿಂದ ನೇರವಾಗಿ ಡಿಜಿಟಲ್ ರೆಕಾರ್ಡರಿಗೆ ತೆಗೆದುಕೊಂಡಿದ್ದೇನೆ. ಎರಡೂ 1 ಗಂಟೆ 52 ನಿಮಿಷ ಎಡೆಬಿಡದೆ ಓಡಿವೆ. ಎಡಿಟಿಂಗ್ ತಂತ್ರಾಂಶದಲ್ಲಿ ಮೊದಲ ಚೆಂಡೆಪೆಟ್ಟಿಗೆ ಎರಡನ್ನೂ ಹೊಂದಿಸಿದರೆ ಒಡ್ಡೋಲಗದವರೆಗೆ ಯಾವ ದೋಷವೂ ಕಾಣುವುದಿಲ್ಲ. ಮುಂದೆ ಹೋದಂತೆ ಧ್ವನಿ ಹಿಂದೆ ಬೀಳುತ್ತ, ಕೊನೆಯ ಯುದ್ಧದ ಹೊತ್ತಿಗೆ ಕೋಲು ಚೆಂಡೆಗೆ ಬಿದ್ದು ಎರಡು ಸೆಕೆಂಡಿಗೂ ಹೆಚ್ಚು ಕಳೆದ ಮೇಲೆ ಪೆಟ್ಟು ಕೇಳಿಸುತ್ತದೆ. ಕೊನೆಗೆ ಹೊಂದಿಸಿದರೆ ಆರಂಭ ತಪ್ಪುತ್ತದೆ. ಮೊಬೈಲಿನ ಸ್ವಂತ ಧ್ವನಿಯನ್ನು ಮ್ಯೂಟ್ ಮಾಡಿದ್ದೇನೆ. ಇದು ರೆಕಾರ್ಡರಿನ ದೋಷವೇ?

ಉತ್ತರ

ರೆಕಾರ್ಡರನ್ನು ದೂರುವ ಮೊದಲು ಆ ಮ್ಯೂಟ್ ತೆಗೆದು, ಕೊನೆಯ ಯುದ್ಧದ ಭಾಗವನ್ನು ಮೊಬೈಲಿನ ಸ್ವಂತ ಧ್ವನಿಯೊಂದಿಗೇ ಎಡಿಟಿಂಗ್ ತಂತ್ರಾಂಶದ ಟೈಮ್‌ಲೈನಿನಲ್ಲಿ ಒಮ್ಮೆ ನೋಡಿರಿ. ಹಾಗೆ ನೋಡುವಾಗ ಬ್ಲೂಟೂತ್ ಹೆಡ್‌ಫೋನ್ ಬೇಡ. ಅದು ತಾನೇ ಧ್ವನಿಯನ್ನು ತಡಮಾಡುವುದರಿಂದ ಅಳತೆ ಕೆಡುತ್ತದೆ. ಮೊಬೈಲಿನ ಧ್ವನಿಯೂ ತನ್ನದೇ ಚಿತ್ರಕ್ಕಿಂತ ಹಿಂದೆ ಬಿದ್ದಿದ್ದು, ಅದೇ ಕಡತ ಪ್ಲೇಯರ್ ತಂತ್ರಾಂಶವಾದ ವಿಎಲ್‌ಸಿಯಲ್ಲಿ ಸರಿಯಾಗಿ ಓಡುವುದಾದರೆ, ದೋಷವಿರುವುದು ಫ್ರೇಮ್ ರೇಟಿನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರಗಳು (ಫ್ರೇಮುಗಳು) ಎಂಬ ಲೆಕ್ಕದಲ್ಲಿ.

ಬೆಳಕು ಕಡಿಮೆಯಾದಾಗ ಅನೇಕ ಮೊಬೈಲುಗಳು ಪ್ರತಿ ಫ್ರೇಮಿಗೂ ಹೆಚ್ಚು ಬೆಳಕು ಸಿಗಲೆಂದು ಸೆಕೆಂಡಿಗೆ 30ರ ಬದಲು 24ರಷ್ಟೇ ಫ್ರೇಮುಗಳನ್ನು ತೆಗೆದು, ಬೆಳಕು ಬಂದೊಡನೆ ಮತ್ತೆ 30ಕ್ಕೆ ಏರುತ್ತವೆ. ಯಾವ ಫ್ರೇಮನ್ನು ಯಾವ ಕ್ಷಣದಲ್ಲಿ ತೋರಿಸಬೇಕೆಂಬುದು ಕಡತದಲ್ಲಿ ದಾಖಲಾಗಿರುತ್ತದೆ. ಅದನ್ನು ಓದಿಕೊಂಡು ನಡೆಯುವ ಪ್ಲೇಯರಿಗೆ ತೊಂದರೆಯಿಲ್ಲ. ಎಲ್ಲ ಫ್ರೇಮುಗಳೂ ಸಮಾನ ಅಂತರದಲ್ಲಿವೆ ಎಂದು ಎಣಿಸುವ ಎಡಿಟಿಂಗ್ ತಂತ್ರಾಂಶದಲ್ಲಿ ಮಾತ್ರ, ಫ್ರೇಮುಗಳು ಕಡಿಮೆಯಿರುವ ಕಡೆಗಳಲ್ಲೆಲ್ಲ ಚಿತ್ರ ಬೇಗ ಮುಗಿದು, ಧ್ವನಿ ತನ್ನ ಪಾಡಿಗೆ ತಾನು ಹಿಂದೆ ಉಳಿಯುತ್ತದೆ. ಕಡತದ ತಾಂತ್ರಿಕ ವಿವರ ತೋರಿಸುವ ಮೀಡಿಯಾಇನ್ಫೋ ತಂತ್ರಾಂಶದಲ್ಲಿ ಕಡತವನ್ನು ತೆರೆದು ಫ್ರೇಮ್ ರೇಟ್ ಮೋಡ್ ಎಂಬ ಸಾಲಿನ ಎದುರು ‘ವೇರಿಯಬಲ್’ (ಬದಲಾಗುವಂಥದ್ದು) ಎಂದಿದೆಯೇ ನೋಡಿರಿ.

ಹಾಗಿದ್ದರೆ ಮೂಲ ಕಡತವನ್ನು, ವೀಡಿಯೋ ಪರಿವರ್ತಿಸುವ ತಂತ್ರಾಂಶವಾದ ಹ್ಯಾಂಡ್‌ಬ್ರೇಕ್‌ನಲ್ಲಿ ತೆರೆದು, ವೀಡಿಯೋ ವಿಭಾಗದಲ್ಲಿ ಫ್ರೇಮ್ ರೇಟನ್ನು 30 ಎಂದು ಆರಿಸಿ, ಅದರ ಕೆಳಗೆ ‘ಕಾನ್‌ಸ್ಟಂಟ್ ಫ್ರೇಮ್ ರೇಟ್’ ಗುರುತು ಹಾಕಬೇಕು. ಮೊದಲೇ ಆಯ್ಕೆಯಾಗಿರುವ ‘ಪೀಕ್’ ಎಂಬುದನ್ನು ಹಾಗೆಯೇ ಬಿಟ್ಟರೆ ಈ ಶ್ರಮವೆಲ್ಲ ವ್ಯರ್ಥ, ಏಕೆಂದರೆ ಅದು 30ರ ಮೇಲೆ ಹೋಗದಂತೆ ತಡೆಯುತ್ತದೆಯೇ ಹೊರತು ಕೆಳಗೆ ಇಳಿಯದಂತೆ ತಡೆಯುವುದಿಲ್ಲ. ಗುಣಮಟ್ಟದ ಅಂಕಿಯನ್ನು 18ರ ಆಸುಪಾಸಿನಲ್ಲಿ ಇಟ್ಟುಕೊಳ್ಳಿರಿ. ಅಲ್ಲಿ ಅಂಕಿ ಕಡಿಮೆಯಾದಷ್ಟೂ ಚಿತ್ರ ಉತ್ತಮ, ಕಡತ ದೊಡ್ಡದು.

ಮರುಪ್ರಶ್ನೆ

ತಾವು ಊಹಿಸಿದಂತೆಯೇ ‘ವೇರಿಯಬಲ್’ ಎಂದು ತೋರಿಸಿತು. ಪರಿವರ್ತಿಸಿದ ಮೇಲೆ ಮೊಬೈಲಿನ ಧ್ವನಿ ಕೊನೆಯವರೆಗೂ ಚಿತ್ರಕ್ಕೆ ಸರಿಯಾಗಿ ಕೂಡಿಬರುತ್ತಿದೆ. ಆದರೆ ರೆಕಾರ್ಡರಿನ ಧ್ವನಿ ಈಗಲೂ ಕೊನೆಯಲ್ಲಿ 8 ಫ್ರೇಮಿನಷ್ಟು ಹಿಂದೆ ಇದೆ. ರೆಕಾರ್ಡರಿನಲ್ಲಿ ಸ್ಯಾಂಪಲ್ ರೇಟನ್ನು (ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕೆಂಬುದನ್ನು) 44.1 ಕಿಲೋಹರ್ಟ್ಸ್ ಇಟ್ಟಿದ್ದೆ, ಟೈಮ್‌ಲೈನ್ 48 ಇದೆ. ಅದೇ ಕಾರಣವಿರಬಹುದೇ?

ಉತ್ತರ

ಅಲ್ಲ. ತಂತ್ರಾಂಶವು 44.1ನ್ನು 48 ಎಂದೇ ತಿಳಿದು ಓಡಿಸಿದ್ದರೆ ಇಡೀ ಪ್ರಸಂಗ 9 ನಿಮಿಷ ಮೊದಲೇ ಮುಗಿದು, ಭಾಗವತರ ಶ್ರುತಿ ಹಾರ್ಮೋನಿಯಂನ ಒಂದೂವರೆ ಮನೆಯಷ್ಟು ಏರಿ, ಕೇಳಿದ ಮೊದಲ ಕ್ಷಣಕ್ಕೇ ಗೊತ್ತಾಗುತ್ತಿತ್ತು.

ಈಗ ಉಳಿದಿರುವುದು ಎರಡು ಯಂತ್ರಗಳ ಗಡಿಯಾರಗಳ ನಡುವಿನ ವ್ಯತ್ಯಾಸ. ಆ ಗಡಿಯಾರಗಳನ್ನು ನಡೆಸುವ ಮೊಬೈಲಿನ ಸ್ಫಟಿಕವೂ ರೆಕಾರ್ಡರಿನ ಸ್ಫಟಿಕವೂ ಹತ್ತು ಲಕ್ಷಕ್ಕೆ ಕೆಲವು ಹತ್ತರಷ್ಟು ಹೆಚ್ಚುಕಡಿಮೆ ಇರುವುದು ಸಹಜ. 8 ಫ್ರೇಮೆಂದರೆ 0.267 ಸೆಕೆಂಡು, ಅದನ್ನು 6,720 ಸೆಕೆಂಡಿಗೆ ಹಂಚಿದರೆ ಶೇಕಡಾ 0.004, ಅಂದರೆ ಹತ್ತು ಲಕ್ಷಕ್ಕೆ 40. ರೆಕಾರ್ಡರಿನ ಧ್ವನಿಯನ್ನು, ಧ್ವನಿ ತಿದ್ದುವ ತಂತ್ರಾಂಶವಾದ ಅಡಾಸಿಟಿಯಲ್ಲಿ ತೆರೆದು, ವೇಗ ಬದಲಿಸುವ ಎಫೆಕ್ಟಿನಲ್ಲಿ ಶೇಕಡಾವಾರು ಬದಲಾವಣೆಯನ್ನು 0.004 ಎಂದು ಕೊಟ್ಟರೆ ಕೊನೆಯೂ ಕೂಡಿಬರುತ್ತದೆ. ಶ್ರುತಿಯನ್ನು ಹಾಗೆಯೇ ಉಳಿಸಿ ಕಾಲವನ್ನಷ್ಟೇ ಹಿಗ್ಗಿಸಿ ಕುಗ್ಗಿಸುವ ಟೆಂಪೋ ಎಫೆಕ್ಟನ್ನು ಇಲ್ಲಿ ಬಳಸದಿರುವುದೇ ಮೇಲು. ಅದು ಚೆಂಡೆಯ ಪೆಟ್ಟಿನ ಮೊನಚನ್ನು ಮಂಕಾಗಿಸಬಹುದು, ಮತ್ತು ಇಷ್ಟು ಸಣ್ಣ ಬದಲಾವಣೆಯಿಂದ ಶ್ರುತಿಯಲ್ಲಾಗುವ ವ್ಯತ್ಯಾಸವನ್ನು ಯಾವ ಕಿವಿಯೂ ಹಿಡಿಯಲಾರದು.

ಇಡೀ ಧ್ವನಿಯನ್ನು ಮುಟ್ಟಲು ಮನಸ್ಸಿಲ್ಲದಿದ್ದರೆ, ಸುಮಾರು ಕಾಲು ಗಂಟೆಗೊಮ್ಮೆ ಪದ್ಯ ಮುಗಿದು ಮಾತು ಆರಂಭವಾಗುವ ಮೌನದಲ್ಲಿ ಕತ್ತರಿಸಿ, ಪ್ರತಿ ತುಂಡನ್ನೂ ಒಂದೊಂದು ಫ್ರೇಮಿನಂತೆ ಹೆಚ್ಚುಹೆಚ್ಚು ಮುಂದಕ್ಕೆ, ಅಂದರೆ ಟೈಮ್‌ಲೈನಿನ ಎಡಕ್ಕೆ, ಎಳೆಯಬಹುದು. ಪದ್ಯದ ನಡುವೆ ಮಾತ್ರ ಕತ್ತರಿಸಬೇಡಿರಿ, ತಾಳ ಮುಗ್ಗರಿಸುತ್ತದೆ.

ಇನ್ನೊಬ್ಬ ಸದಸ್ಯರ ಸೇರ್ಪಡೆ

ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸಬೇಕೆನಿಸಿತು. ತಾವು ಎರಡೂ ಧ್ವನಿಗಳ ಅಲೆಗಳನ್ನು ಒಂದರ ಕೆಳಗೊಂದು ಇಟ್ಟು ಹೊಂದಿಸಿದ್ದರೆ, ಮೊಬೈಲಿನ ಧ್ವನಿಯೇ ತಡವಾಗಿ ಬಂದದ್ದೆಂಬುದನ್ನು ಮರೆಯಬಾರದು. ಮೊಬೈಲು ಪ್ರೇಕ್ಷಕರ ಹಿಂದೆ, ಧ್ವನಿವರ್ಧಕದಿಂದ 25 ಮೀಟರ್ ದೂರದಲ್ಲಿ ಇದ್ದಿದ್ದರೆ, ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ ಅಲ್ಲಿಗೆ ತಲುಪಲು 73 ಮಿಲಿಸೆಕೆಂಡು ಬೇಕು, ಎಂದರೆ 2 ಫ್ರೇಮಿಗೂ ತುಸು ಹೆಚ್ಚು. ಅಲೆಗಳನ್ನು ಹೊಂದಿಸಿ ಮುಗಿದ ಮೇಲೆ ರೆಕಾರ್ಡರಿನ ಧ್ವನಿಯನ್ನು 2 ಫ್ರೇಮ್ ಮುಂದಕ್ಕೆ ತಂದು, ಕೋಲು ಚೆಂಡೆಯ ಚರ್ಮಕ್ಕೆ ತಾಗುವ ಫ್ರೇಮಿನಲ್ಲಿ ನಿಲ್ಲಿಸಿ ಪರೀಕ್ಷಿಸಿರಿ. ಅಲ್ಲಿಂದ ಮುಂದಕ್ಕೆ ತರಬೇಡಿರಿ: ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನ ಪ್ರಕಾರ ಧ್ವನಿ 125 ಮಿಲಿಸೆಕೆಂಡು ತಡವಾದಾಗ ನೋಡುಗರಿಗೆ ಅರಿವಾಗತೊಡಗಿದರೆ, ಚಿತ್ರಕ್ಕಿಂತ ಮೊದಲೇ ಬರುವ ಧ್ವನಿ 45 ಮಿಲಿಸೆಕೆಂಡಿಗೇ ಅರಿವಾಗುತ್ತದೆ.