ಕರ್ಣವೋ ವಿಕರ್ಣವೋ? ಬಡಗಿ, ಗಾರೆ ಮೇಸ್ತ್ರಿಗಳ ಮಾತು ಬೇಕಿತ್ತು

ಗೆಳೆಯರೇ, ನಮಸ್ಕಾರ.

ನಾನು ಹಾಸನದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಒಂದು ಪದದ ವಿಚಾರ ಕೆಲವು ದಿನಗಳಿಂದ ತಲೆಯಲ್ಲಿ ಕೂತಿದೆ.

ಅಣ್ಣನ ಮಗಳು ಭೋಪಾಲದಲ್ಲಿ ಹಿಂದಿಯಲ್ಲಿ ಓದುತ್ತಾಳೆ. ರಜೆಗೆ ಬಂದಿದ್ದಳು. ಪಕ್ಕದ ಮನೆ ಹುಡುಗ ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು. ಇಬ್ಬರಿಗೂ ಒಂದೇ ಲೆಕ್ಕ ಕೊಟ್ಟೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸು ಕೊಯ್ಯೋಕೆ 20 ಅಡಿ ಏಣಿ ಒರಗಿಸಿದೆ. ಏಣಿಯ ಕಾಲು ಬುಡದಿಂದ 5 ಅಡಿ ದೂರದಲ್ಲಿದೆ. ಹಾಗಾದರೆ ಏಣಿಯ ತುದಿ ಎಷ್ಟು ಎತ್ತರದಲ್ಲಿದೆ?

ಹುಡುಗ ಚಿತ್ರ ಬರೆದು, "ವಿಕರ್ಣ ಕೊಟ್ಟಿದಾರೆ, ಇನ್ನೊಂದು ಬಾಹು ಕಂಡುಹಿಡೀಬೇಕು" ಅಂದ. ಇವಳು ತಡೆದಳು. "ವಿಕರ್ಣ ಅಂದ್ರೆ ನಾಲ್ಕು ಮೂಲೆ ಬೇಕಲ್ವಾ ಅತ್ತೆ? ಇಲ್ಲಿ ಮೂರೇ ಇದೆ!"

ಅವಳು ಹೇಳಿದ್ದು ತಪ್ಪಲ್ಲ. ಹಿಂದಿಯಲ್ಲಿ ಲಂಬಕೋನ ತ್ರಿಭುಜದ ಉದ್ದನೆಯ ಬಾಹುವಿಗೆ ಕರ್ಣ ಅಂತಾರೆ. ಚತುರ್ಭುಜದ ಎದುರು ಮೂಲೆಗಳನ್ನು ಸೇರಿಸುವ ಗೆರೆಗೆ ವಿಕರ್ಣ. ನಮ್ಮ ಪಠ್ಯದಲ್ಲಿ ಪೂರ್ತಿ ಉಲ್ಟಾ: ತ್ರಿಭುಜದ್ದು ವಿಕರ್ಣ, ಚತುರ್ಭುಜದ್ದು ಕರ್ಣ. ತೆಲುಗು, ಮರಾಠಿಯಲ್ಲಿ ಈ ತಂಟೆಯೇ ಇಲ್ಲ. ಎರಡಕ್ಕೂ ಕರ್ಣವೇ.

ಹಳೆಯ ಬಳಕೆಯೂ ಹಾಗೇ ಇತ್ತು. ಭಾಸ್ಕರಾಚಾರ್ಯ 12ನೇ ಶತಮಾನದಲ್ಲಿ ಭುಜ, ಕೋಟಿ, ಕರ್ಣ ಅಂತ ಲಂಬಕೋನ ತ್ರಿಭುಜದ ಮೂರು ಬಾಹುಗಳನ್ನು ಕರೆದಿದ್ದಾನೆ. ಚತುರ್ಭುಜದ ಗೆರೆಗೂ ಕರ್ಣ ಅಂತಲೇ ಹೇಳುತ್ತಾನೆ. ಅದು ಸಹಜ ಕೂಡ. ಒಂದು ಆಯತವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಲಂಬಕೋನ ತ್ರಿಭುಜ ಸಿಗುತ್ತವೆ. ಕತ್ತರಿಸಿದ ಗೆರೆ ಎರಡಕ್ಕೂ ಒಂದೇ ಅಲ್ವಾ? ಅದಕ್ಕೆ ಎರಡು ಹೆಸರು ಯಾಕೆ ಬೇಕಾಯಿತು, ಹಿಂದಿಗೂ ನಮಗೂ ಅದು ಅದಲುಬದಲಾಗಿದ್ದು ಹೇಗೆ? ನನ್ನ ಮೊದಲ ಪ್ರಶ್ನೆ ಇದು. (ಮಹಾಭಾರತದಲ್ಲೂ ಕರ್ಣ, ವಿಕರ್ಣ ಇಬ್ಬರೂ ಇದ್ದಾರೆ. ದ್ರೌಪದಿಯ ಪರವಾಗಿ ಸಭೆಯಲ್ಲಿ ಬಾಯಿ ಬಿಟ್ಟವನು ವಿಕರ್ಣ, ಅವನನ್ನು ಗದರಿಸಿದವನು ಕರ್ಣ. ಮಕ್ಕಳಿಗೆ ಹೆಸರು ನೆನಪಿರಲಿ ಅಂತ ಈ ಕತೆಯನ್ನು ಪ್ರತಿ ವರ್ಷ ಹೇಳುತ್ತೇನೆ. ಆದರೆ ಯಾವ ಗೆರೆ ಯಾರದು ಅನ್ನೋದು ಇದರಿಂದ ತಿಳಿಯೋದಿಲ್ಲ.)

ಹೆಸರು ಸುಮ್ನೆ ಹೆಸರಲ್ಲ, ಲೆಕ್ಕವೇ ಅದರ ಮೇಲೆ ನಿಂತಿದೆ. ಏಣಿಯೇ ವಿಕರ್ಣ ಅಂತ ಗೊತ್ತಾದರೆ 20ರ ವರ್ಗ 400ರಲ್ಲಿ 5ರ ವರ್ಗ 25 ಕಳೆಯುತ್ತೇವೆ. 375ರ ವರ್ಗಮೂಲ ತೆಗೆದರೆ ಸುಮಾರು 19 ಅಡಿ 4 ಇಂಚು. ಗೊತ್ತಾಗದ ಮಕ್ಕಳು 25 ಕೂಡಿಸಿಬಿಡುತ್ತಾರೆ. ಆಗ ಉತ್ತರ 20 ಅಡಿಗಿಂತ ಜಾಸ್ತಿ, ಅಂದರೆ ಏಣಿಗಿಂತ ಏಣಿಯ ತುದಿಯೇ ಎತ್ತರ! ನೆಟ್ಟಗೆ ನಿಂತ ಏಣಿಯ ಕಾಲು 5 ಅಡಿ ಆಚೆ ಸರಿದರೂ ತುದಿ ಇಳಿಯೋದು 8 ಇಂಚಿನಷ್ಟೇ ಅಂತ ತಿಳಿದಾಗ ಇಬ್ಬರೂ ಬೆರಗಾದರು.

ಇನ್ನು ನನ್ನ ನಿಜವಾದ ವಿಚಾರಣೆ. ಈ ಗೆರೆಯ ಜೊತೆ ದಿನವೂ ಕೆಲಸ ಮಾಡುವವರು ಏನಂತಾರೆ?

ಸಕಲೇಶಪುರದ ಹತ್ತಿರ ನಮ್ಮ ನೆಂಟರ ಕೊಟ್ಟಿಗೆಗೆ ಹೊಸದಾಗಿ ಹೆಂಚು ಹೊದಿಸುತ್ತಿದ್ದರು. ಕೊಟ್ಟಿಗೆಯ ಅಗಲ 16 ಅಡಿ, ಅರ್ಧ ತೆಗೆದರೆ 8. ಗೋಡೆ ಮಟ್ಟದಿಂದ ನಡುವಿನ ತೊಲೆ 6 ಅಡಿ ಮೇಲೆ. ಬಡಗಿ ಕಾಗದ ಮುಟ್ಟಲಿಲ್ಲ. "ಓರೆ ಹತ್ತಡಿ, ಸೂರಿಗೆ ಎರಡಡಿ, ಹನ್ನೆರಡಡಿ ಪಕ್ಕಾಸು ತರ್ಸಿ" ಅಂದರು. (ಪಕ್ಕಾಸು ಅಂದರೆ ಮಾಡಿನ ಇಳಿಜಾರಿಗೆ ಹಾಕುವ ಮರ.) ವಿಕರ್ಣಕ್ಕೆ ಅವರ ಪದ ಓರೆ. ಎಷ್ಟು ಚೆಂದ!

ಹಾಸನದಲ್ಲಿ ಪಾಯ ಹಾಕುವಾಗ ಗಾರೆ ಮೇಸ್ತ್ರಿ ಹೇಳಿದ್ದು ಬೇರೆ. 30ಕ್ಕೆ 40ರ ಸೈಟು. ನಾಲ್ಕು ಗೂಟ ಹೊಡೆದು ದಾರ ಕಟ್ಟಿದರು. "ಮೂಲೆಗೆ ಮೂಲೆ ಐವತ್ತು ಬಂದ್ರೆ ಮಟ್ಟ ಸರಿ" ಅಂದರು. ಎರಡೂ ಕಡೆ ಟೇಪು ಹಿಡಿದರು, ಎರಡೂ 50 ಬಂತು. ಒಳಗಿನ ಗೋಡೆಗಳಿಗೆ 3, 4, 5 ಅಡಿ ಗುರುತು ಮಾಡಿ ಮೂಲೆ ನೋಡಿದರು. ನನ್ನ ಕಿವಿ ನಿಂತದ್ದು "ಮೂಲೆಗೆ ಮೂಲೆ" ಅನ್ನುವ ಮಾತಿನ ಮೇಲೆ. ಇಂಗ್ಲಿಷಿನ ಡಯಾಗನಲ್ ಗ್ರೀಕಿನಿಂದ ಬಂದದ್ದು. ಅದರ ಅರ್ಥವೂ ಮೂಲೆಯಿಂದ ಮೂಲೆಗೆ ಅಂತಲೇ. ವಿಕರ್ಣದ ಇಂಗ್ಲಿಷ್ ಹೆಸರು ಹೈಪಾಟಿನ್ಯೂಸ್ ಅಂದರೆ ಕೆಳಗೆ ಎಳೆದು ಹಿಡಿದದ್ದು. ಯಜ್ಞವೇದಿ ಅಳೆಯುವ ಹಳೆಯ ಗ್ರಂಥ ಶುಲ್ಬಸೂತ್ರದಲ್ಲಿ ಬೌಧಾಯನ ಹೇಳೋದು ಅಕ್ಷ್ಣಯಾ ರಜ್ಜು, ಅಂದರೆ ಓರೆಯಾಗಿ ಹಿಡಿದ ಹಗ್ಗ. ನಮ್ಮ ಬಡಗಿಯ ಓರೆ, ಮೇಸ್ತ್ರಿಯ ದಾರ ಎರಡೂ ಅದರಲ್ಲಿವೆ!

ಕ್ಲಾಸಿನಲ್ಲಿ ವಿಕರ್ಣದ ಬದಲು ಓರೆ ಅಂತಲೇ ಹೇಳಿ ನೋಡಿದೆ. ಬೇಗ ಹಿಡಿದುಕೊಂಡರು. ಆದರೆ ತ್ರಿಭುಜವನ್ನು ತಿರುಗಿಸಿ, ಉದ್ದನೆಯ ಬಾಹುವನ್ನು ಕೆಳಗೆ ಮಲಗಿಸಿ ಬರೆದೆ. ಎಲ್ಲರೂ ತಪ್ಪಿದರು. ಮೇಲಿನ ಎರಡು ಓರೆ ಬಾಹುಗಳಲ್ಲಿ ಒಂದನ್ನು ತೋರಿಸಿದರು. ತೊಡಕು ಎಲ್ಲಿದೆ ಅಂತ ಆಗ ತಿಳಿಯಿತು. ಓರೆ ಅನ್ನೋದು ನೆಲಕ್ಕೆ ಹೋಲಿಸಿ ಹೇಳುವ ಮಾತು. ವಿಕರ್ಣ ಲಂಬಕೋನಕ್ಕೆ ಎದುರಿನದು. ತ್ರಿಭುಜ ಹೇಗೆ ತಿರುಗಿದರೂ ಅದು ಬದಲಾಗೋದಿಲ್ಲ. ಬಹುಶಃ ಅದಕ್ಕೇ ನಿಂತ ಮಾಡಿಗೆ ಓರೆ, ಮಲಗಿದ ಸೈಟಿಗೆ ಮೂಲೆಗೆ ಮೂಲೆ ಅಂತ ಕಸುಬಿನವರು ಎರಡು ಮಾತು ಇಟ್ಟುಕೊಂಡಿದ್ದಾರೆ.

ಎರಡಕ್ಕೂ ಸಲ್ಲುವ ಒಂದೇ ಪದ ನಿಮ್ಮ ಕಡೆ ಇದೆಯೇ? "ಎದುರ್ಬಾಹು" ಅನ್ನಬಹುದು ಅಂತ ಯೋಚಿಸಿದೆ. ಆದರೆ ತ್ರಿಕೋನಮಿತಿಯಲ್ಲಿ ಅಭಿಮುಖ ಬಾಹು (ಲೆಕ್ಕಕ್ಕೆ ತೆಗೆದುಕೊಂಡ ಕೋನದ ಎದುರಿನ ಬಾಹು) ಅಂತ ಬೇರೆಯೇ ಇದೆ, ಮತ್ತೆ ಗೊಂದಲ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ಬಡಗಿಗಳ ಮಾತು ಗೊತ್ತಿರುವವರು, ಬೇಲೂರು, ಅರಸೀಕೆರೆ ಕಡೆಯ ಗಾರೆ ಕೆಲಸದವರ ಮನೆಯವರು ದಯವಿಟ್ಟು ಬರೆಯಿರಿ. ಪದದ ಜೊತೆ ಅವರು ಆಡುವ ಪೂರ್ತಿ ವಾಕ್ಯವನ್ನೂ, ಯಾವ ಕೆಲಸ ಮಾಡುವಾಗ ಆಡಿದ್ದು ಅನ್ನೋದನ್ನೂ ತಿಳಿಸಿ.